ಹರಾಮ್ ಎಂದರಷ್ಟೇ ಸಾಕೆ?

ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಮೂರು ಸಾಲಿನ ಸುದ್ದಿಯೊಂದು ಬರುತ್ತದೆ. ‘ಹೊಟ್ಟೆನೋವು ತಾಳಲಾರದೆ’ ಅಥವಾ ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂಬ ಸಿದ್ಧ ವಾಕ್ಯಗಳಲ್ಲಿ ಒಂದು ಅದರಲ್ಲಿರುತ್ತದೆ. ಕೊನೆಗೆ ಪೊಲೀಸ್ ಠಾಣೆಯ ಹೆಸರು. ಅಲ್ಲಿಗೆ ಒಬ್ಬ ಮನುಷ್ಯನ ಕತೆ ಮುಗಿಯಿತು. ಅದೇ ಸಾವು ನಮ್ಮ ಮೊಹಲ್ಲಾದಲ್ಲಿ ಸಂಭವಿಸಿದರೆ ಆ ಮೂರು ಸಾಲುಗಳನ್ನೂ ಬರದಂತೆ ನೋಡಿಕೊಳ್ಳಲಾಗುತ್ತದೆ. ‘ಹಾರ್ಟ್ ಅಟ್ಯಾಕ್’ ಎಂದು ಮನೆಯವರು ಹೇಳುತ್ತಾರೆ. ನೆರೆಯವರು ಹೌದೆಂದು ತಲೆಯಾಡಿಸುತ್ತಾರೆ. ಬೀದಿಯ ತಿರುವಿಗೆ ಬಂದೊಡನೆ ಬೇರೆಯೇ ಮಾತಾಡುತ್ತಾರೆ. ನಲವತ್ತು ದಿನ ಕಳೆಯುವಷ್ಟರಲ್ಲಿ ಆ ಹೆಸರನ್ನು ಎತ್ತುವುದೇ ನಿಂತುಹೋಗುತ್ತದೆ.

ಈ ಮೌನಕ್ಕೆ ನಾವು ‘ಮರ್ಯಾದೆ’ ಎಂದು ಹೆಸರಿಟ್ಟಿದ್ದೇವೆ. ಮೃತನ ಮರ್ಯಾದೆ, ಮನೆತನದ ಮರ್ಯಾದೆ, ಮದುವೆಯಾಗಬೇಕಿರುವ ತಂಗಿಯ ಮರ್ಯಾದೆ. ಆದರೆ ಈ ಮರ್ಯಾದೆಯ ಬೆಲೆಯನ್ನು ತೆರುವವನು ಅದೇ ಬೀದಿಯಲ್ಲಿ ಇನ್ನೂ ಬದುಕಿರುವ, ಅದೇ ಆಲೋಚನೆಯನ್ನು ಎದೆಯೊಳಗಿಟ್ಟುಕೊಂಡು ನಡೆಯುತ್ತಿರುವ ಮತ್ತೊಬ್ಬ. ತನ್ನ ನೋವನ್ನು ಬಾಯಿಬಿಟ್ಟು ಹೇಳಿದರೆ ಏನಾಗುವುದೆಂದು ಅವನು ಕಣ್ಣಾರೆ ಕಂಡಿದ್ದಾನೆ. ಆದ್ದರಿಂದ ಅವನೂ ಹೇಳುವುದಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 13,606 ಮಂದಿ ಕರ್ನಾಟಕದವರು. ಆ ವರ್ಷ ಇಂತಹ ಸಾವುಗಳ ಸಂಖ್ಯೆಯಲ್ಲಿ ನಮ್ಮ ರಾಜ್ಯ ಮಹಾರಾಷ್ಟ್ರ, ತಮಿಳುನಾಡು, ಮಧ್ಯಪ್ರದೇಶಗಳ ನಂತರ ನಾಲ್ಕನೆಯ ಸ್ಥಾನದಲ್ಲಿತ್ತು. ವರದಿಯಲ್ಲಿ ಧರ್ಮದ ಕಾಲಂ ಇಲ್ಲ. ‘ನಮ್ಮಲ್ಲಿ ಅದು ಕಡಿಮೆ’ ಎಂದು ಸಮಾಧಾನಪಟ್ಟುಕೊಳ್ಳಲು ಅದೇ ನಮಗೆ ನೆಪವಾಗಿದೆ. ಆದರೆ ಉಳಿದ ಕಾಲಂಗಳನ್ನು ಓದಿ. ಮೃತರಲ್ಲಿ ಶೇ. 26.4 ಮಂದಿ ದಿನಗೂಲಿಗಳು. ಶೇ. 14.8 ಗೃಹಿಣಿಯರು. 13,044 ಮಂದಿ ವಿದ್ಯಾರ್ಥಿಗಳು. ಕಾರಣಗಳಲ್ಲಿ ಮೊದಲನೆಯದು ಕೌಟುಂಬಿಕ ಸಮಸ್ಯೆ, ಶೇ. 31.7, ಎರಡನೆಯದು ಕಾಯಿಲೆ, ಶೇ. 18.4. ದಿನಗೂಲಿ, ಗೃಹಿಣಿ, ವಿದ್ಯಾರ್ಥಿ, ಸೊಸೆ, ರೋಗಿ—ಇವರು ಯಾರ ಮನೆಯವರು? ನಮ್ಮ ಮನೆಗಳಲ್ಲಿ ಇವರಲ್ಲದೆ ಬೇರೆ ಯಾರಿದ್ದಾರೆ?

ಉತ್ತರವಲ್ಲ, ಆರಂಭ

ಈ ಪ್ರಶ್ನೆಗೆ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ: ಆತ್ಮಹತ್ಯೆ ಹರಾಮ್. ನಿಸ್ಸಂದೇಹವಾಗಿ ಹರಾಮ್. ಪ್ರಾಣವು ಅಲ್ಲಾಹನು ನಮ್ಮ ಕೈಯಲ್ಲಿರಿಸಿದ ಅಮಾನತ್ತು. ಅದನ್ನು ಕೊನೆಗಾಣಿಸುವ ಅಧಿಕಾರ ನಮಗಿಲ್ಲ. ಈ ವಿಶ್ವಾಸವು ಎಷ್ಟೋ ಜನರನ್ನು ಕತ್ತಲ ರಾತ್ರಿಯಲ್ಲಿ ತಡೆದು ನಿಲ್ಲಿಸಿದೆ ಎಂಬುದರಲ್ಲಿಯೂ ಸಂದೇಹವಿಲ್ಲ. ಈ ಲೇಖನದ ತಕರಾರು ಆ ತೀರ್ಪಿನ ಬಗ್ಗೆಯಲ್ಲ. ತೀರ್ಪನ್ನು ಹೇಳಿ ಕೈತೊಳೆದುಕೊಳ್ಳುವ ನಮ್ಮ ಅಭ್ಯಾಸದ ಬಗ್ಗೆ.

ಪವಿತ್ರ ಕುರ್‌ಆನಿನ ‘ಅನ್ನಿಸಾ’ ಅಧ್ಯಾಯದ 29ನೇ ಸೂಕ್ತದಲ್ಲಿ ನಿಮ್ಮನ್ನು ನೀವು ಕೊಂದುಕೊಳ್ಳಬೇಡಿರೆಂಬ ಆಜ್ಞೆ ಬಂದಿದೆ. ಅದೇ ಉಸಿರಿನಲ್ಲಿ ಅಲ್ಲಾಹನು ನಿಮ್ಮ ಪಾಲಿಗೆ ಕರುಣಾಮಯಿ ಎಂಬ ಸಾಂತ್ವನವೂ ಬಂದಿದೆ. ನಮ್ಮ ಪ್ರವಚನಗಳಲ್ಲಿ ಮೊದಲ ಭಾಗ ಗಟ್ಟಿಯಾಗಿ ಕೇಳಿಸುತ್ತದೆ, ಎರಡನೆಯ ಭಾಗ ಕೇಳಿಸುವುದೇ ಇಲ್ಲ. ನಿಷೇಧವನ್ನು ಎತ್ತಿಕೊಂಡು ಕಾರುಣ್ಯವನ್ನು ಬಿಟ್ಟುಬಿಡುವ ಹಕ್ಕನ್ನು ನಮಗೆ ಕೊಟ್ಟವರು ಯಾರು?

ಹಝ್ರತ್ ಮರ್ಯಮ್(ಅ)ರ ವೃತ್ತಾಂತವನ್ನು ನೆನಪಿಸಿಕೊಳ್ಳಿ. ಹೆರಿಗೆಯ ವೇದನೆಯೂ ಲೋಕಾಪವಾದದ ಭೀತಿಯೂ ಒಟ್ಟಿಗೆ ಎರಗಿದಾಗ ಅವರು ಇದಕ್ಕಿಂತ ಮೊದಲೇ ತಾನು ಸತ್ತು, ಮರೆತುಹೋಗಿದ್ದರೆ ಎಂದು ಹಂಬಲಿಸಿದರು. ಸ್ತ್ರೀಕುಲದಲ್ಲಿ ಶ್ರೇಷ್ಠರಾದವರ ಬಾಯಿಂದ ಬಂದ ಮಾತು ಅದು. ಅದಕ್ಕೆ ಪ್ರತಿಯಾಗಿ ಅವರ ಈಮಾನನ್ನು ಯಾರೂ ಪ್ರಶ್ನಿಸಲಿಲ್ಲ, ಗದರಲಿಲ್ಲ. ದುಃಖಿಸಬೇಡ ಎಂಬ ಧ್ವನಿ ಕೇಳಿಸಿತು. ಕಾಲ ಕೆಳಗೆ ನೀರಿನ ತೊರೆಯನ್ನು ತೋರಿಸಲಾಯಿತು. ಖರ್ಜೂರದ ಮರವನ್ನು ಅಲುಗಿಸಿ ತಿನ್ನಲು, ಕುಡಿಯಲು, ಕಣ್ಣು ತಂಪಾಗಿಸಿಕೊಳ್ಳಲು ಹೇಳಲಾಯಿತು. ಸಾವನ್ನು ಬಯಸಿದ ಹೃದಯಕ್ಕೆ ಅಲ್ಲಾಹನು ಕಳುಹಿಸಿದ್ದು ಸಾಂತ್ವನ, ನೀರು ಮತ್ತು ಆಹಾರ. ನಮ್ಮ ಮನೆಯ ಹೆಣ್ಣುಮಗಳು ‘ನನಗೆ ಬದುಕು ಸಾಕಾಗಿದೆ’ ಎಂದಾಗ ನಾವು ಏನನ್ನು ಕೊಡುತ್ತೇವೆ? ‘ತೌಬಾ ಮಾಡು, ಇಂತಹ ಮಾತಾಡಬೇಡ, ಸಬ್ರ್ ಮಾಡು’ ಎಂಬ ಮೂರು ಆದೇಶಗಳನ್ನು ಕೊಟ್ಟು ಗಂಡನ ಮನೆಯ ಬಸ್ಸು ಹತ್ತಿಸುತ್ತೇವೆ. ಸಬ್ರ್ ಎಂಬುದು ಹಿಂಸೆಯನ್ನು ಬಾಯಿಮುಚ್ಚಿ ನುಂಗುವುದಕ್ಕೆ ಇಟ್ಟ ಹೆಸರಲ್ಲ.

ಹಝ್ರತ್ ಯಾಕೂಬ್(ಅ) ಮಗನಿಗಾಗಿ ಅತ್ತು ಅತ್ತು ಕಣ್ಣು ಬಿಳಿಚಿಕೊಂಡರು. ಪ್ರವಾದಿವರ್ಯರು(ಸ) ಹಝ್ರತ್ ಖದೀಜಾ(ರ) ಮತ್ತು ಅಬೂತಾಲಿಬ್‌ರನ್ನು ಕಳೆದುಕೊಂಡ ವರ್ಷವನ್ನು ಇತಿಹಾಸವು ‘ದುಃಖದ ವರ್ಷ’ವೆಂದೇ ದಾಖಲಿಸಿದೆ. ಪ್ರವಾದಿಗಳು ದುಃಖಿತರಾದರೆಂದು ನಂಬುವ ನಾವು, ನಮ್ಮ ಪಕ್ಕದ ಸಫ್‌ನಲ್ಲಿರುವವನು ಖಿನ್ನನಾದರೆ ಅವನ ಈಮಾನ್ ದುರ್ಬಲವೆನ್ನುತ್ತೇವೆ. ಇದು ಧರ್ಮವಲ್ಲ, ಧರ್ಮದ ಹೆಸರಿನ ನಿರ್ದಯತೆ.

ಜನಾಝಾದ ಮುಂದೆ

ಸಾವು ಸಂಭವಿಸಿದ ಮೇಲೆ ನಮ್ಮ ನಿರ್ದಯತೆ ಇನ್ನಷ್ಟು ಹರಿತವಾಗುತ್ತದೆ. ಜನಾಝಾ ನಮಾಝ್ ನಡೆಸಬಹುದೇ, ಯಾರು ನಡೆಸಬೇಕು ಎಂಬ ಚರ್ಚೆ ಮೃತನ ತಂದೆಯ ಎದುರಿನಲ್ಲಿಯೇ ಆರಂಭವಾಗುತ್ತದೆ. ಆತ್ಮಹತ್ಯೆ ಮಾಡಿಕೊಂಡವನೊಬ್ಬನ ಜನಾಝಾವನ್ನು ಪ್ರವಾದಿವರ್ಯರು(ಸ) ಸ್ವತಃ ನಿರ್ವಹಿಸಲಿಲ್ಲವೆಂಬ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಅದು ಇತರರಿಗೆ ಎಚ್ಚರಿಕೆಯಾಗಲೆಂದು ಎಂಬುದು ಬಹುಪಾಲು ವಿದ್ವಾಂಸರ ವಿವರಣೆ. ಆತನು ಮುಸ್ಲಿಮನೇ, ಆತನ ಜನಾಝಾ ನಮಾಝ್ ಸಮುದಾಯದ ಹೊಣೆಯೇ ಎಂದು ಅವರು ಹೇಳಿದ್ದಾರೆ.

ಅದೇ ಸಹೀಹ್ ಮುಸ್ಲಿಮ್‌ನಲ್ಲಿ ಇನ್ನೊಂದು ಘಟನೆಯಿದೆ. ಅದನ್ನು ನಾವು ಮಿಂಬರ್‌ಗಳಲ್ಲಿ ಕೇಳುವುದು ತೀರಾ ವಿರಳ. ತುಫೈಲ್ ಬಿನ್ ಅಮ್ರ್(ರ)ರೊಂದಿಗೆ ಮದೀನಾಕ್ಕೆ ಹಿಜ್ರತ್ ಮಾಡಿದ ಒಬ್ಬರು ಅಲ್ಲಿ ಕಾಯಿಲೆ ಬಿದ್ದರು. ಯಾತನೆಯನ್ನು ತಡೆಯಲಾರದೆ ತಮ್ಮ ಕೈಗಳಿಗೆ ತಾವೇ ಹಾನಿ ಮಾಡಿಕೊಂಡು ಮರಣ ಹೊಂದಿದರು. ನಂತರ ತುಫೈಲ್(ರ) ಕನಸಿನಲ್ಲಿ ಅವರನ್ನು ಒಳ್ಳೆಯ ಸ್ಥಿತಿಯಲ್ಲಿ, ಆದರೆ ಕೈಗಳನ್ನು ಮುಚ್ಚಿಕೊಂಡಿರುವಂತೆ ಕಂಡರು. ಹಿಜ್ರತ್‌ನ ಕಾರಣ ತನಗೆ ಕ್ಷಮೆ ದೊರೆಯಿತು, ಕೈಗಳು ಮಾತ್ರ ಹಾಗೆಯೇ ಉಳಿದವು ಎಂದು ಅವರು ಹೇಳಿದರು. ಇದನ್ನು ಕೇಳಿದ ಪ್ರವಾದಿವರ್ಯರು(ಸ) ಆ ಕೈಗಳನ್ನೂ ಕ್ಷಮಿಸುವಂತೆ ಅಲ್ಲಾಹನಲ್ಲಿ ಪ್ರಾರ್ಥಿಸಿದರು. ಕರ್ಮ ಹರಾಮ್ ಎಂದು ಕಲಿಸಿದವರೇ ಕರ್ತೃವಿಗಾಗಿ ಕೈಯೆತ್ತಿದರು. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ನಮಗೇಕೆ ಸಾಧ್ಯವಾಗುತ್ತಿಲ್ಲ?

ಸಾವಿನ ಮನೆಗೆ ಊಟ ಕಳುಹಿಸುವುದು ಸುನ್ನತ್. ಹಝ್ರತ್ ಜಅಫರ್(ರ) ಹುತಾತ್ಮರಾದಾಗ ಅವರ ಮನೆಯವರಿಗೆ ಅಡುಗೆ ಮಾಡಿ ಕಳುಹಿಸುವಂತೆ ಪ್ರವಾದಿವರ್ಯರು(ಸ) ಆದೇಶಿಸಿದ್ದರು. ಇಂತಹ ಸಾವು ಸಂಭವಿಸಿದ ಮನೆಗೆ ನಾವು ಊಟ ಕಳುಹಿಸುತ್ತೇವೆಯೇ, ಅಥವಾ ಪ್ರಶ್ನೆಗಳನ್ನು ಮಾತ್ರವೇ? ಆತ್ಮಹತ್ಯೆಯಿಂದ ಒಬ್ಬರನ್ನು ಕಳೆದುಕೊಂಡ ಕುಟುಂಬದವರಿಗೇ ಅದೇ ಅಪಾಯ ಹೆಚ್ಚೆಂದು ವೈದ್ಯರು ಹೇಳುತ್ತಾರೆ. ಆ ಮನೆಯ ಬಾಗಿಲಿಗೆ ಹೋಗುವುದು ಸೌಜನ್ಯ ಮಾತ್ರವಲ್ಲ, ಪ್ರಾಣರಕ್ಷಣೆ.

ಹಲಬರ್ಗಾದಿಂದ ದಾರಿ ಯಾವುದು?

ಇನ್ನು ಬದುಕಿರುವವರ ಮಾತಿಗೆ ಬರೋಣ. ಬೀದರ್‌ನಿಂದ ಭಾಲ್ಕಿಯತ್ತ ಹೋಗುವ ರೈಲು ದಾರಿಯಲ್ಲಿ ಹಲಬರ್ಗಾ ಎಂಬ ಊರಿದೆ. ಭಾಲ್ಕಿ ತಾಲ್ಲೂಕಿನ ಹೋಬಳಿ ಕೇಂದ್ರ. ಅಲ್ಲಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಸೋಯಾ ಮತ್ತು ತೊಗರಿ ನಂಬಿದ ಹೊಲ. ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗಿ ಬರಿಗೈಯಲ್ಲಿ ಮರಳಿದ ಮಗ. ಸಂಘದ ಸಾಲದ ವಾರದ ಕಂತು. ಮಗ ಮಾತು ಬಿಟ್ಟಿದ್ದಾನೆ. ನಿದ್ದೆಯಿಲ್ಲ, ಊಟ ಬೇಡ, ‘ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ’ ಎನ್ನುತ್ತಾನೆ. ತಾಯಿಗೆ ಭಯವಾಗುತ್ತದೆ. ಆಕೆ ಎಲ್ಲಿಗೆ ಹೋಗಬೇಕು?

ಸಾಮಾನ್ಯವಾಗಿ ಆಕೆ ಮೊದಲು ಹೋಗುವುದು ಆಮಿಲ್ ಒಬ್ಬನ ಬಳಿಗೆ. ಮಾಟ, ಜಿನ್ನ್, ಕೆಟ್ಟ ದೃಷ್ಟಿ ಎಂದು ಹೇಳಿ ತಾಯಿತ ಕಟ್ಟಿ ಕಳುಹಿಸುವವನಿಗೆ ಆಕೆ ಓಲೆಯನ್ನು ಅಡವಿಟ್ಟು ಹಣ ಕೊಡುತ್ತಾಳೆ. ಅಮೂಲ್ಯವಾದ ವಾರಗಳು ಹೀಗೆ ಕಳೆದುಹೋಗುತ್ತವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಆಸರೆಗೆಂದು ಕರೆತಂದು ಸರಪಳಿಯಲ್ಲಿ ಬಿಗಿದಿದ್ದ ಮನೋರೋಗಿಗಳು ಬೆಂಕಿ ಬಿದ್ದಾಗ ಓಡಲಾಗದೆ ಸತ್ತರು, 28 ಜೀವಗಳು. ಆ ಸರಪಳಿಯನ್ನು ನಾವು ಮರೆತಿದ್ದೇವೆ. ದುಆ ವಿಶ್ವಾಸಿಯ ಬಲ. ಅದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ರೋಗಕ್ಕೆ ಚಿಕಿತ್ಸೆ ಪಡೆಯಿರಿ, ಅಲ್ಲಾಹನು ಔಷಧವಿಲ್ಲದ ರೋಗವನ್ನು ಇಳಿಸಿಲ್ಲ ಎಂದು ಕಲಿಸಿದವರೂ ಪ್ರವಾದಿವರ್ಯರೇ(ಸ).

ಮನಸ್ಸಿನ ಕಾಯಿಲೆ ಪಾಶ್ಚಾತ್ಯರ ಕಲ್ಪನೆ ಎನ್ನುವವರು ನಮ್ಮದೇ ಇತಿಹಾಸವನ್ನು ಓದಬೇಕು. ಹತ್ತನೆಯ ಶತಮಾನದಲ್ಲಿ ತೀರಿಕೊಂಡ ಅಬೂ ಝೈದ್ ಅಲ್‌ಬಲ್ಖೀ ಶರೀರ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಕುರಿತು ಗ್ರಂಥ ಬರೆದರು. ಕಾರಣ ತಿಳಿದಿರುವ ದುಃಖ ಮತ್ತು ಕಾರಣವೇ ತಿಳಿಯದ ದುಃಖ ಬೇರೆಬೇರೆ, ಎರಡನೆಯದರ ಬೇರು ಶರೀರದಲ್ಲಿಯೂ ಇರಬಹುದು ಎಂದು ಅವರು ವಿಂಗಡಿಸಿದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಸ್ಥಳವಿತ್ತು. ಆ ಪರಂಪರೆಯ ವಾರಸುದಾರರು ನಾವು. ಇಂದು ಮನೋವೈದ್ಯರ ಬಾಗಿಲಿಗೆ ಮುಖ ಮುಚ್ಚಿಕೊಂಡು ಹೋಗುತ್ತಿದ್ದೇವೆ.

ಹಾಗಾದರೆ ಹಲಬರ್ಗಾದ ಆ ತಾಯಿಗೆ ಇರುವ ದಾರಿಗಳು ಯಾವುವು? ಮೊದಲನೆಯದು ದೂರವಾಣಿ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿಯೂ ಮಾತಾಡಬಹುದು. ಅದರ ಕೇಂದ್ರ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ನರಳುವವರು ಮಾತ್ರವಲ್ಲ, ನರಳುವವರನ್ನು ನೋಡಿ ಏನು ಮಾಡಬೇಕೆಂದು ತೋಚದ ತಾಯಿ, ಅಣ್ಣ, ಶಿಕ್ಷಕ, ಇಮಾಮ್ ಕೂಡ ಕರೆ ಮಾಡಬಹುದು. ಎರಡನೆಯದು ಊರಿನ ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ. ಮೂರನೆಯದು ಭಾಲ್ಕಿಯ ತಾಲ್ಲೂಕು ಆಸ್ಪತ್ರೆ. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಬಂದು ನೋಡುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ಕರ್ನಾಟಕ ಸರ್ಕಾರ ರೂಪಿಸಿದೆ. ನಾಲ್ಕನೆಯದು ಬೀದರ್‌ನ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ, ಬ್ರಿಮ್ಸ್. ಪ್ರಾಣಕ್ಕೆ ತಕ್ಷಣದ ಅಪಾಯವಿದ್ದರೆ ಯಾವುದನ್ನೂ ಕಾಯಬೇಕಿಲ್ಲ; ಒಬ್ಬರು ಜೊತೆ ಬಿಡದೆ ಇರಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು.

ಹಳ್ಳಿಗೇ ಮನೋಚಿಕಿತ್ಸೆ ತಲುಪಬೇಕೆಂಬ ಆಲೋಚನೆ ನಮ್ಮ ಭಾಗಕ್ಕೆ ಹೊಸದೂ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಸಿಬ್ಬಂದಿಗೇ ತರಬೇತಿ ನೀಡಿ ಚಿಕಿತ್ಸೆ ಕೊಡಿಸುವ ಪ್ರಯೋಗವನ್ನು ನಡೆಸಿದ್ದು ಇದೇ ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿಯಾಗಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ದೇಶಕ್ಕೆ ದಾರಿ ತೋರಿಸಿದ ಭಾಗದ ಜನರಿಗೇ ಆ ದಾರಿ ಕಾಣದಿದ್ದರೆ ಅದಕ್ಕೆ ಹೊಣೆ ಯಾರು? ಭಾಲ್ಕಿಗೆ, ಔರಾದ್‌ಗೆ ಮನೋವೈದ್ಯರು ಬರುವುದು ಯಾವ ಮಂಗಳವಾರ, ಎಷ್ಟು ಗಂಟೆಗೆ ಎಂದು ಆಸ್ಪತ್ರೆಯ ಹೊರಗೆ ಬೋರ್ಡು ತೂಗುಹಾಕಲಿ. ಮಹಾರಾಷ್ಟ್ರ ಮತ್ತು ತೆಲಂಗಾಣದ ಅಂಚಿನಲ್ಲಿರುವ ಔರಾದ್‌ನ ಬಡವ ಬೀದರ್‌ವರೆಗೆ ಬಂದು ವೈದ್ಯರಿಲ್ಲವೆಂದು ಮರಳಿದರೆ ಅವನು ಎರಡನೆಯ ಬಾರಿ ಬರುವುದಿಲ್ಲ. ಶಾಸಕರನ್ನು, ಜಿಲ್ಲಾ ಆರೋಗ್ಯಾಧಿಕಾರಿಯನ್ನು ಈ ಪ್ರಶ್ನೆ ಕೇಳಲು ಚುನಾವಣೆ ಬರಬೇಕೆಂದಿಲ್ಲ.

ಪೊಲೀಸರ ಭಯ

ಪ್ರಯತ್ನ ವಿಫಲವಾಗಿ ಬದುಕುಳಿದವನನ್ನು ಆಸ್ಪತ್ರೆಗೆ ಒಯ್ಯಲು ಮನೆಯವರು ಹಿಂಜರಿಯುವುದುಂಟು. ಕೇಸಾಗುತ್ತದೆ, ಜೈಲಾಗುತ್ತದೆ ಎಂಬ ಭಯ. ಈ ಭಯ ಹಳೆಯ ಕಾಲದ್ದು, ಕಾನೂನು ಬದಲಾಗಿದೆ. 2018ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆಂದು ಹೇಳುತ್ತದೆ. ಅವರಿಗೆ ಚಿಕಿತ್ಸೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯವೆಂದೂ ವಿಧಿಸುತ್ತದೆ. ಯತ್ನವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡಸಂಹಿತೆಯ 309ನೇ ಕಲಮು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಲ್ಲ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಒತ್ತಡ ಹೇರಲು ಅಥವಾ ತಡೆಯೊಡ್ಡಲು ನಡೆಸುವ ಯತ್ನವನ್ನು ಮಾತ್ರ ಅದರ 226ನೇ ಕಲಮು ಶಿಕ್ಷಾರ್ಹವೆನ್ನುತ್ತದೆ. ಆಸ್ಪತ್ರೆಯಲ್ಲಿ ಮಾಡುವ ನೋಂದಣಿ ದಾಖಲೆಯೇ ಹೊರತು ಆರೋಪವಲ್ಲ. ಕಾನೂನೇ ‘ಇವನು ನೊಂದವನು’ ಎನ್ನುತ್ತಿರುವಾಗ ನಾವು ‘ಇವನು ಪಾಪಿ’ ಎಂದು ನಿಂತರೆ ನಮ್ಮ ಸ್ಥಾನವೆಲ್ಲಿ?

ವೈದ್ಯರಿಗೆ ಎರಡು ಮಾತು

ನಮ್ಮ ಸಮುದಾಯದಿಂದ ಇಂದು ನೂರಾರು ಯುವಕ ಯುವತಿಯರು ವೈದ್ಯರು, ದಾದಿಯರಾಗಿ ಹೊರಬರುತ್ತಿದ್ದಾರೆ. ಅವರಿಗೆ ಒಂದು ಅಧ್ಯಯನವನ್ನು ನೆನಪಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು ಚೆನ್ನೈ, ಕೊಲಂಬೊ, ಇರಾನಿನ ಕರಜ್, ಚೀನಾದ ಯುನ್‌ಚೆಂಗ್, ಬ್ರೆಜಿಲ್‌ನ ಕಾಂಪಿನಾಸ್ ನಗರಗಳಲ್ಲಿ ಆತ್ಮಹತ್ಯೆಗೆ ಯತ್ನಿಸಿ ತುರ್ತು ವಿಭಾಗಕ್ಕೆ ಬಂದ 1,867 ಮಂದಿಯನ್ನು ಎರಡು ಗುಂಪಾಗಿಸಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಬಿಡುಗಡೆಯ ಹೊತ್ತಿಗೆ ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಬಾರಿ ಫೋನಿನಲ್ಲೋ ಮನೆಗೆ ಹೋಗಿಯೋ ವಿಚಾರಣೆ. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ. 2.2, ವಿಚಾರಿಸಿಕೊಂಡ ಗುಂಪಿನಲ್ಲಿ ಶೇ. 0.2. ದುಬಾರಿ ಯಂತ್ರವಿಲ್ಲ, ಹೊಸ ಔಷಧವಿಲ್ಲ. ‘ಹೇಗಿದ್ದೀರಿ?’ ಎಂದು ಒಂಬತ್ತು ಸಲ ಕೇಳಿದ್ದು ಅಷ್ಟೇ.

ಇಯಾದತ್, ಅಂದರೆ ರೋಗಿಯನ್ನು ಸಂದರ್ಶಿಸಿ ವಿಚಾರಿಸುವುದು, ನಮಗೆ ಹದೀಸ್‌ಗಳಲ್ಲಿ ಕಲಿಸಲಾದ ಹಕ್ಕು. ಹೊಟ್ಟೆಯನ್ನು ಶುದ್ಧಿ ಮಾಡಿ, ಎಚ್ಚರ ಬಂದೊಡನೆ ಗದರಿ ಮನೆಗೆ ಕಳುಹಿಸುವ ತುರ್ತು ವಿಭಾಗದಲ್ಲಿ ಅರ್ಧ ಚಿಕಿತ್ಸೆ ಮಾತ್ರ ಆಗಿರುತ್ತದೆ. ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದರೆ ಆ ಆಲೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದಾಗ ನೊಂದವನಿಗೆ ಭಾರ ಇಳಿದಂತಾಗುತ್ತದೆ. ‘ಹೇಳುವವನು ಮಾಡಿಕೊಳ್ಳುವುದಿಲ್ಲ’ ಎಂಬುದೂ ತಪ್ಪು. ಹೇಳಿದ ಮಾತನ್ನು ಪ್ರತಿ ಬಾರಿಯೂ ನಿಜವೆಂದೇ ತಿಳಿಯಬೇಕು.

ಹಾಗೆಂದು ವೈದ್ಯರನ್ನು ದೂರಿ ಮುಗಿಸುವುದೂ ನ್ಯಾಯವಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು 2024ರಲ್ಲಿ ನೀಡಿದ ವರದಿಯಂತೆ, ಸಮೀಕ್ಷೆಗೆ ಉತ್ತರಿಸಿದ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಲ್ಲಿ ಶೇ. 31ರಷ್ಟು ಮಂದಿಗೆ ತಾವೇ ಆತ್ಮಹತ್ಯೆಯ ಆಲೋಚನೆ ಬಂದಿತ್ತು. ಮಗನನ್ನು ಡಾಕ್ಟರ್ ಮಾಡಿದೆನೆಂದು ಹೆಮ್ಮೆಪಡುವ ತಂದೆ, ನಿದ್ದೆಗೆಟ್ಟು 36 ಗಂಟೆ ದುಡಿದು ಬಂದವನನ್ನು ಒಮ್ಮೆಯಾದರೂ ‘ನೀನು ಹೇಗಿದ್ದೀ?’ ಎಂದು ಕೇಳಲಿ. ಇತರರ ಸಾವನ್ನು ದಿನವೂ ನೋಡುವ ದಾದಿಗೆ, ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಗೆ ತರಬೇತಿ ಮಾತ್ರವಲ್ಲ, ವಿಶ್ರಾಂತಿ ಮತ್ತು ಆಲಿಸುವವರೂ ಬೇಕು.

ಸಾಲ, ಅಂಕ, ಬೀಗ

ಎಲ್ಲವನ್ನೂ ಆಸ್ಪತ್ರೆಗೆ ಒಪ್ಪಿಸಿ ಸುಮ್ಮನಿರುವಂತಿಲ್ಲ. ಮನುಷ್ಯನನ್ನು ಅಂಚಿಗೆ ನೂಕುವ ಕೈಗಳು ಸಮಾಜದಲ್ಲಿಯೂ ಇವೆ. ಕಿರುಸಾಲ ಸಂಸ್ಥೆಗಳ ವಸೂಲಿಯ ಕಿರುಕುಳದಿಂದ ಸಾವುಗಳ ಸುದ್ದಿ ಸಾಲುಸಾಲಾಗಿ ಬಂದ ಮೇಲೆ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ. ಕಾನೂನು ಒಳ್ಳೆಯದೇ. ಆದರೆ ಸಾಲದಲ್ಲಿ ಮುಳುಗಿದವರನ್ನು ಝಕಾತ್‌ನ ಎಂಟು ಹಕ್ಕುದಾರರಲ್ಲಿ ಒಬ್ಬರನ್ನಾಗಿ ಅಲ್ಲಾಹನು ಮೊದಲೇ ಹೆಸರಿಸಿದ್ದಾನಲ್ಲ? ರಮಝಾನಿನಲ್ಲಿ ಸೀರೆ, ಕಿಟ್‌ಗಳಾಗಿ ಚೂರುಚೂರಾಗುವ ನಮ್ಮ ಝಕಾತ್ ಒಂದು ಮೊಹಲ್ಲಾದಲ್ಲಿ ವರ್ಷಕ್ಕೆ ಐದು ಮನೆಗಳ ಸಾಲವನ್ನು ಸಂಪೂರ್ಣ ತೀರಿಸಿದರೆ ಅದು ಐದು ಖುತ್ಬಾಗಳಿಗಿಂತ ಹೆಚ್ಚು ಜೀವ ಉಳಿಸಬಲ್ಲದು.

ಬೀದರ್ ನಗರ ಇಂದು ವೈದ್ಯಕೀಯ ಪ್ರವೇಶ ಪರೀಕ್ಷೆಯ ತಯಾರಿಗೆ ದೂರದ ಮಕ್ಕಳನ್ನೂ ಕರೆಯುತ್ತದೆ. ಸಮುದಾಯದ ಶೈಕ್ಷಣಿಕ ಜಾಗೃತಿಗೆ ಇದು ಸಾಕ್ಷಿ. ಆದರೆ ಸೀಟು ಸಿಗದ ಮಗು ಮನೆಗೆ ಮರಳಲು ಹೆದರುವಂತಾದರೆ ಆ ಜಾಗೃತಿಯಲ್ಲಿ ಎಲ್ಲೋ ತಪ್ಪಿದೆ. 2025ರ ಜುಲೈನಲ್ಲಿ ಸುಪ್ರೀಮ್ ಕೋರ್ಟ್ ಕೋಚಿಂಗ್ ಕೇಂದ್ರಗಳಿಗೂ ಅನ್ವಯಿಸುವ ಮಾರ್ಗಸೂಚಿ ನೀಡಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕು. ಅಂಕದ ಮೇಲೆ ಬ್ಯಾಚ್ ವಿಂಗಡಿಸಿ ಅವಮಾನಿಸಬಾರದು. ಸಹಾಯವಾಣಿ ಸಂಖ್ಯೆಗಳು ಹಾಸ್ಟೆಲಿನಲ್ಲಿ ಕಾಣುವಂತಿರಬೇಕು. ಮಗುವನ್ನು ಸೇರಿಸುವಾಗ ಶುಲ್ಕ, ಫಲಿತಾಂಶಗಳ ಜೊತೆಗೆ ಈ ಮೂರನ್ನೂ ವಿಚಾರಿಸುವುದು ಪಾಲಕರ ಹಕ್ಕು.

ಇನ್ನೊಂದು ಸಣ್ಣ ವಿಷಯ, ಆದರೆ ಅತ್ಯಂತ ದೊಡ್ಡದು. ಸಾಯಬೇಕೆನ್ನುವ ಆವೇಗ ಅಲೆಯಂತೆ ಬಂದು ಇಳಿಯುತ್ತದೆ. ಆ ಗಳಿಗೆಯಲ್ಲಿ ಅಪಾಯಕಾರಿ ವಸ್ತು ಕೈಗೆಟುಕದಿದ್ದರೆ ಮನುಷ್ಯ ಬಹುಪಾಲು ಬದುಕಿಕೊಳ್ಳುತ್ತಾನೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ಆ ಅವಧಿಯ ಬಹುಭಾಗ ಆ ನಾಡಿನಲ್ಲಿ ಯುದ್ಧ ನಡೆಯುತ್ತಿತ್ತು, ಕಷ್ಟಗಳೇನೂ ಕಡಿಮೆಯಿರಲಿಲ್ಲ. ಚೆನ್ನೈನ ‘ಸ್ನೇಹಾ’ ಸಂಸ್ಥೆ ತಮಿಳುನಾಡಿನ ಹಳ್ಳಿಗಳಲ್ಲಿ ಕೀಟನಾಶಕಗಳಿಗೆ ಬೀಗವಿರುವ ಸಾಮೂಹಿಕ ಕಪಾಟುಗಳನ್ನು ಇರಿಸಿ ನೋಡಿದೆ. ಭಾಲ್ಕಿ, ಔರಾದ್‌ಗಳ ಸಹಕಾರ ಸಂಘಗಳು ಅದನ್ನು ಮಾಡಲಾರವೇ? ಅಲ್ಲಿಯವರೆಗೆ ಹೊಲದ ಔಷಧ ಮನೆಯೊಳಗೆ ಬೇಡ. ಇದ್ದರೆ ಬೀಗದೊಳಗಿರಲಿ, ಬೀಗದ ಕೈ ಒಬ್ಬರಲ್ಲಿರಲಿ. ಮನೆಯಲ್ಲಿ ಉಳಿದ ಮಾತ್ರೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮಸೀದಿ ಏನು ಮಾಡಬಹುದು?

ಹಣವಿಲ್ಲದೆ ಆಗುವ ಕೆಲಸಗಳಿವೆ. 14416 ಎಂಬ ಸಂಖ್ಯೆ ಪ್ರತಿ ಮಸೀದಿಯ ಫಲಕದಲ್ಲಿ ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿರಲಿ. ವರ್ಷಕ್ಕೆ ಎರಡು ಜುಮಾ ಖುತ್ಬಾಗಳು ಈ ವಿಷಯಕ್ಕೆ ಮೀಸಲಾಗಲಿ. ನರಕದ ವರ್ಣನೆಗಿಂತ ಮರ್ಯಮ್(ಅ)ರ ಖರ್ಜೂರದ ಮರ ಅದರಲ್ಲಿರಲಿ. ಮಹಿಳೆಯರ ಇಜ್ತಿಮಾಗಳಲ್ಲಿ ವೈದ್ಯೆಯೊಬ್ಬರನ್ನು ಕರೆಸಲಿ. ಜಮಾಅತ್ ಕಮಿಟಿ ಇಬ್ಬರು ಪುರುಷರು, ಇಬ್ಬರು ಮಹಿಳೆಯರನ್ನು ಆರಿಸಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಂದ ತರಬೇತಿ ಕೊಡಿಸಲಿ. ಅವರ ಕೆಲಸ ಚಿಕಿತ್ಸೆಯಲ್ಲ. ಆಲಿಸುವುದು, ಗುಟ್ಟು ಕಾಯುವುದು, ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುವುದು. ಇಮಾಮರು ಬಂದವರಿಗೆ ದುಆ ಮಾಡಿ, ‘ವೈದ್ಯರ ಬಳಿಗೂ ಹೋಗೋಣ, ನಾನೂ ಬರುತ್ತೇನೆ’ ಎಂದು ಹೇಳಲಿ. ಆ ಒಂದು ವಾಕ್ಯ ನೂರು ಆಮಿಲರ ಅಂಗಡಿಯನ್ನು ಮುಚ್ಚಿಸಬಲ್ಲದು.

ಪ್ರವಾದಿವರ್ಯರ(ಸ) ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬರಿದ್ದರು. ಯಾರ ಗಣನೆಯಲ್ಲಿಯೂ ಇಲ್ಲದ ಜೀವ. ಕೆಲವು ದಿನ ಅವರು ಕಾಣಲಿಲ್ಲ. ಅದನ್ನು ಗಮನಿಸಿ ವಿಚಾರಿಸಿದವರು ಸ್ವತಃ ಪ್ರವಾದಿವರ್ಯರು(ಸ). ತೀರಿಕೊಂಡರೆಂದು ತಿಳಿದಾಗ ನನಗೇಕೆ ತಿಳಿಸಲಿಲ್ಲವೆಂದು ನೊಂದುಕೊಂಡರು. ಸಮಾಧಿಯ ಬಳಿಗೆ ಹೋಗಿ ನಮಾಝ್ ಮಾಡಿದರು. ಒಂದು ನಾಡಿನ ನಾಯಕರಾಗಿದ್ದವರು ಗುಡಿಸುವವರ ಗೈರುಹಾಜರಿಯನ್ನು ಲೆಕ್ಕವಿಟ್ಟಿದ್ದರು.

ನಮ್ಮ ಮಸೀದಿಯ ಸಫ್‌ನಲ್ಲಿ ಮೂರು ವಾರದಿಂದ ಕಾಣದವನು ಯಾರು? ಸಂಘದ ಸಭೆಗೆ ಬರುವುದನ್ನು ನಿಲ್ಲಿಸಿದ ಸಹೋದರಿ ಯಾರು? ಫಲಿತಾಂಶದ ದಿನದಿಂದ ಕೋಣೆಯಿಂದ ಹೊರಬಾರದ ಮಗು ಯಾರ ಮನೆಯಲ್ಲಿದೆ? ಇವರ ಹೆಸರುಗಳು ನಮಗೆ ಗೊತ್ತು. ಜನಾಝಾದ ಸಫ್‌ನಲ್ಲಿ ನಿಲ್ಲುವ ಮೊದಲು ಅವರ ಮನೆಯ ಬಾಗಿಲಲ್ಲಿ ನಿಲ್ಲೋಣ. ಇಂದು ಇಶಾದ ನಂತರವೇ ಒಬ್ಬರ ಬಾಗಿಲು ತಟ್ಟೋಣ.